ಮಗಳ ತಟ್ಟೆಯಲ್ಲಿ ಉಳಿದದ್ದು

ರಾತ್ರಿ ಎಂಟೂವರೆ. ಪೆರುಂಗುಡಿಯ ನಮ್ಮ ಮನೆಯಲ್ಲಿ ಮಗಳ ಊಟ ಮುಗಿದಿರುತ್ತದೆ. ತಟ್ಟೆಯಲ್ಲಿ ಅರ್ಧ ದೋಸೆ, ಎರಡು ತುತ್ತು ಮೊಸರನ್ನ. ಅನ್ನ ಬಿಸಾಡಬಾರದೆಂದು ಹಾಸನದಲ್ಲಿ ಅಮ್ಮ ಕಲಿಸಿದ ಪಾಠ. ನಿಂತಲ್ಲೇ ಬಾಯಿಗೆ ಹಾಕಿಕೊಂಡು, ಆಮೇಲೆ ನನ್ನ ‘ಡಯಟ್’ ಊಟಕ್ಕೆ ಕೂರುತ್ತಿದ್ದೆ. ಹೀಗೆ ದಿನವಿಡೀ ಲೆಕ್ಕಕ್ಕೆ ಸಿಗದೆ ಹೊಟ್ಟೆ ಸೇರುವುದು ಸುಲಭವಾಗಿ 200 ಕ್ಯಾಲೊರಿ ಆದೀತು. ಅರ್ಧ ಗಂಟೆ ನಡೆದರೂ ಅಷ್ಟು ಕರಗುವುದಿಲ್ಲ.

ಮಗಳಿಗೆ ಏಳು ವರ್ಷ. ಬಾಣಂತನದ ತೂಕ ಎನ್ನುವ ನೆಪ ಇನ್ನು ನಡೆಯದು. ಆಫೀಸಿನ ಆರೋಗ್ಯ ತಪಾಸಣೆಯಲ್ಲಿ ತೂಕ 74 ಕೆ.ಜಿ., ಸೊಂಟ 94 ಸೆಂ.ಮೀ. ಬಂತು. ನಮ್ಮ ದೇಶದ ಹೆಂಗಸರಿಗೆ ಸೊಂಟದ ಮಿತಿ 80 ಸೆಂ.ಮೀ., ಗಂಡಸರಿಗೆ 90. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದೀರಿ ಎಂದರು ಡಾಕ್ಟರು. ಈ ಹೊಸ್ತಿಲಲ್ಲಿ ನಾನೊಬ್ಬಳೇ ಇಲ್ಲ. ಐಸಿಎಂಆರ್ ಜೊತೆ ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ನಡೆಸಿ, 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 39.5 ಮಂದಿಗೆ ಹೊಟ್ಟೆಯ ಬೊಜ್ಜಿದೆ.

ಮೊದಲು ಜಿಮ್ ಸೇರಿದೆ. ಸಂಜೆ ಏಳರ ಬ್ಯಾಚು. ಓಎಂಆರ್ ಟ್ರಾಫಿಕ್ಕು ದಾಟಿ ಬರುವ ಹೊತ್ತಿಗೆ ಮಗಳ ಹೋಂವರ್ಕು ಕಾದಿರುತ್ತಿತ್ತು. ಮೂರು ವಾರಕ್ಕೇ ಅದು ನಿಂತಿತು. ನಂತರ ಅವರಿಗೆ ಅನ್ನ-ಸಾರು, ನನಗೆ ಬೇರೆ ಸಲಾಡು. ನಾಲ್ಕು ಕಿಲೋ ಇಳಿಯಿತು, ತಾಳ್ಮೆಯೂ ಇಳಿಯಿತು. ದಿನಕ್ಕೆರಡು ಸಲ ತೂಕ ನೋಡಿಕೊಂಡು ‘ಎಷ್ಟು ದಪ್ಪ ಆಗಿದೀನಿ’ ಎಂದು ಗೊಣಗುತ್ತಿದ್ದೆ.

ಒಂದು ದಿನ ಮಗಳು ತೂಕದ ಯಂತ್ರದ ಮೇಲೆ ನಿಂತಿದ್ದಳು. “ಅಮ್ಮಾ, ನಾನೂ ದಪ್ಪ ಆಗ್ತೀನಾ? ನಂಗೂ ಅನ್ನ ಬೇಡ.”

ಬೆಳೆಯುವ ಮಗು ಊಟ ಬೇಡ ಅಂದದ್ದು ನನ್ನ ಮಾತು ಕೇಳಿಸಿಕೊಂಡೇ. ಅಂದೇ ಯಂತ್ರ ಅಟ್ಟ ಸೇರಿತು. ಈಗ ಭಾನುವಾರ ಬೆಳಿಗ್ಗೆ ಅವಳು ಏಳುವ ಮುಂಚೆ ಮಾತ್ರ ಕೆಳಗಿಳಿಯುತ್ತದೆ. ‘ದಪ್ಪ’ ಎಂಬ ಮಾತು ಮನೆಯಲ್ಲಿ ನಿಂತಿತು.

ಅಡುಗೆಯೂ ಒಂದೇ ಆಯಿತು. ಮೂವರಿಗೂ ಅದೇ ಸೊಪ್ಪಿನ ಸಾರು, ಪಲ್ಯ, ಕೋಸಂಬರಿ. ನನ್ನ ತಟ್ಟೆಯಲ್ಲಿ ಅರ್ಧ ತರಕಾರಿ, ಅವಳಿಗೆ ಹಸಿವಿದ್ದಷ್ಟು ಅನ್ನ. ಇಲ್ಲಿನ ಅಂಗಡಿಯಲ್ಲಿ ‘ಕೇಳ್ವರಗು’ ಎಂದು ಕೇಳಿದರೆ ರಾಗಿ ಸಿಗುತ್ತದೆ. ಆದರೆ ಮುದ್ದೆ ತಿಂದರೆ ತೂಕ ತಾನಾಗಿ ಇಳಿಯುತ್ತದೆಂಬುದು ನಮ್ಮವರ ಭ್ರಮೆ. ರಾಗಿಗೂ ಅಕ್ಕಿಗೂ ಕ್ಯಾಲೊರಿಯಲ್ಲಿ ಹೆಚ್ಚು ಅಂತರವಿಲ್ಲ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಜಾಸ್ತಿ, ಅಷ್ಟೇ. ಮುದ್ದೆ ಎಷ್ಟು ದೊಡ್ಡದು ಎಂಬುದೇ ಮುಖ್ಯ. ಒಗ್ಗರಣೆಗೆ ಎಣ್ಣೆಯನ್ನು ಚಮಚದಲ್ಲಿ ಅಳೆಯುತ್ತೇನೆ. ಟೀ ಚಮಚಕ್ಕೆ ಸುಮಾರು 45 ಕ್ಯಾಲೊರಿ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ, ಮಕ್ಕಳಿಗೆ ದಿನಕ್ಕೆ 60 ನಿಮಿಷ ಮೈ ಆಡಬೇಕು. ಎರಡನ್ನೂ ಕೂಡಿಸಿಕೊಂಡೆವು. ಸಂಜೆ ಅವಳು ಸೈಕಲ್ಲಿನಲ್ಲಿ, ನಾನು ಹಿಂದೆ ಬಿರುಸು ನಡಿಗೆಯಲ್ಲಿ. ಮೇ ತಿಂಗಳ ಸೆಖೆಗೆ ಹೊತ್ತು ಮುಳುಗಿದ ಮೇಲೆ. ಅಕ್ಟೋಬರ್‌ನಿಂದ ಮಳೆ ನೀರು ನಿಂತರೆ ಅಪಾರ್ಟ್‌ಮೆಂಟಿನ ಮೆಟ್ಟಿಲೇ ಗತಿ.

ವಾರಕ್ಕೆ ಅರ್ಧ ಕಿಲೋ ಇಳಿಸುವುದು ಸುರಕ್ಷಿತ ಎನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. ನನಗೆ ಅಷ್ಟೂ ಆಗಲಿಲ್ಲ. ಬಿಟ್ಟ ನಾಲ್ಕು ಕಿಲೋ ಮರಳಿ ಬಂದಿತ್ತು. ಅಲ್ಲಿಂದ ಹತ್ತು ತಿಂಗಳಲ್ಲಿ ಐದೂವರೆ ಕಿಲೋ ಇಳಿದಿದೆ, ಸೊಂಟ 88ಕ್ಕೆ ಬಂದಿದೆ. ಮಗಳಿಗೆ ಜ್ವರ ಬಂದ ವಾರ, ಪರೀಕ್ಷೆಯ ವಾರ ತೂಕ ಏರಿತ್ತು. ಆ ವಾರಗಳನ್ನು ಸೋಲೆಂದು ಎಣಿಸುವುದನ್ನು ಬಿಟ್ಟಿದ್ದೇನೆ.

ಅಮ್ಮನ ಪಾಠವನ್ನೂ ಬಿಟ್ಟಿಲ್ಲ. ಈಗ ಮೊದಲು ಕಮ್ಮಿ ಬಡಿಸುತ್ತೇನೆ, ಬೇಕೆಂದರೆ ಮತ್ತೆ ಹಾಕುತ್ತೇನೆ. ಮೊನ್ನೆ ಅರ್ಧ ದೋಸೆ ಉಳಿಯಿತು. “ಹೊಟ್ಟೆ ತುಂಬ್ತು ಅಮ್ಮಾ, ನಾಳೆ ಬೆಳಿಗ್ಗೆ ತಿಂತೀನಿ” ಎಂದು ತಾನೇ ಡಬ್ಬಿಗೆ ಹಾಕಿಟ್ಟಳು.