ಪಾಸ್‌ವರ್ಡ್ ಜಾಗದ ನಕ್ಷತ್ರಗಳು

ಡೆಬಿಯನ್ ಲಿನಕ್ಸನ್ನು ಹೊಸದಾಗಿ ಹಾಕಿಕೊಂಡವರು ಟರ್ಮಿನಲ್ ತೆರೆದು ಮೊದಲ ಸಲ, ನಿರ್ವಾಹಕನ (ರೂಟ್) ಅಧಿಕಾರದಲ್ಲಿ ಕೆಲಸ ಮಾಡಿಸುವ ‘ಸುಡೋ’ ಕಮಾಂಡ್ ಕೊಟ್ಟಾಗ ಕೀಬೋರ್ಡ್ ಕೆಟ್ಟಿತೇನೋ ಎಂದು ಗಾಬರಿಯಾಗುವುದುಂಟು. ಅದು ಪಾಸ್‌ವರ್ಡ್ ಕೇಳುತ್ತದೆ, ನೀವು ಟೈಪಿಸುತ್ತೀರಿ, ಪರದೆಯ ಮೇಲೆ ಮಾತ್ರ ಏನೂ ಮೂಡುವುದಿಲ್ಲ. ಕರ್ಸರ್ ಇದ್ದಲ್ಲಿಂದ ಕದಲುವುದಿಲ್ಲ. ಎಂಟರ್ ಒತ್ತಿದರೆ ಕೆಲಸವೇನೋ ಆಗಿಬಿಡುತ್ತದೆ. ಬ್ಯಾಂಕಿನ ಆಪ್‌ನಲ್ಲಿ ಅಕ್ಷರಕ್ಕೊಂದು ಚುಕ್ಕೆ ಕಂಡು ರೂಢಿಯಾದವರು ‘ಇಲ್ಲೂ ಒಂದೊಂದು ನಕ್ಷತ್ರ ತೋರಿಸಿದರೆ ಯಾರಪ್ಪನ ಗಂಟು ಹೋಗುತ್ತದೆ?’ ಎಂದು ಕೇಳಿಯೇ ಕೇಳುತ್ತಾರೆ.

ಹೋಗುತ್ತದೆ. ಒಮ್ಮೆ ಹೋಗಿಯೂ ಇದೆ.

ನಕ್ಷತ್ರ ತೋರಿಸುವ ಸೌಲಭ್ಯ ಸುಡೋದಲ್ಲಿ 2009ರ 1.7.1 ಆವೃತ್ತಿಯಿಂದಲೇ ಇದೆ. ಹೆಸರು ‘ಪಿಡಬ್ಲ್ಯೂಫೀಡ್‌ಬ್ಯಾಕ್’. ಸುಡೋ ಬರೆಯುವವರು ಅದನ್ನು ಆಫ್ ಮಾಡಿಯೇ ಕೊಟ್ಟಿದ್ದರು. ನಕ್ಷತ್ರ ಎಣಿಸಿದರೆ ಪಾಸ್‌ವರ್ಡ್ ಎಷ್ಟುದ್ದವೆಂದು ಪಕ್ಕದಲ್ಲಿ ನಿಂತವನಿಗೂ ಗೊತ್ತಾಗುತ್ತದೆ ಎಂಬುದು ಒಂದು ಪಕ್ಷದ ವಾದ. ಕೀಲಿಗಳ ಟಕಟಕ ಸದ್ದು ಎಣಿಸಿದರೂ ಅಷ್ಟೇ ಗೊತ್ತಾಗುತ್ತದಲ್ಲ, ಹೊಸಬರನ್ನು ಏಕೆ ಹೆದರಿಸಬೇಕು ಎಂಬುದು ಇನ್ನೊಂದು ಪಕ್ಷದ್ದು. ನನಗೆ ಎರಡನೆಯದೇ ಸರಿಯೆನಿಸುತ್ತದೆ. ಲಿನಕ್ಸ್ ಮಿಂಟ್ ಮತ್ತು ಎಲಿಮೆಂಟರಿ ಓಎಸ್ ಎಂಬ ಲಿನಕ್ಸ್ ವಿತರಣೆಗಳವರಿಗೂ ಹಾಗೇ ಅನಿಸಿತ್ತು. ತಮ್ಮ ಬಳಕೆದಾರರಿಗೆ ಮೊದಲಿಂದಲೇ ಆನ್ ಮಾಡಿ ಕೊಟ್ಟರು.

ಈ ವಾಗ್ವಾದದಲ್ಲಿ ಎರಡೂ ಪಕ್ಷ ನೋಡಿದ್ದು ಪರದೆಯನ್ನು. ಅಪಾಯ ಇದ್ದದ್ದು ಪರದೆಯ ಹಿಂದೆ. ನೀವು ಒತ್ತಿದ ಅಕ್ಷರವನ್ನು ಪರದೆಗೆ ಮರಳಿಸುವುದು, ಬ್ಯಾಕ್‌ಸ್ಪೇಸ್ ಒತ್ತಿದರೆ ಅಳಿಸುವುದು, ಕಂಟ್ರೋಲ್-ಯು ಒತ್ತಿದರೆ ಇಡೀ ಸಾಲು ಒರೆಸುವುದು, ಇವೆಲ್ಲ ಸಾಮಾನ್ಯವಾಗಿ ಕರ್ನೆಲ್‌ನ ಟರ್ಮಿನಲ್ ಡ್ರೈವರ್ ಮಾಡುವ ಕೆಲಸ. ಪಾಸ್‌ವರ್ಡ್ ಕೇಳುವ ಪ್ರೋಗ್ರಾಂ ‘ಅಕ್ಷರ ಮರಳಿಸಬೇಡ’ ಎಂದು ಒಂದು ಮಾತು ಹೇಳಿದರೆ ಸಾಕು, ಪರದೆ ಖಾಲಿ ಉಳಿಯುತ್ತದೆ. ನಕ್ಷತ್ರ ಬೇಕೆಂದರೆ ಹಾಗಾಗುವುದಿಲ್ಲ. ಪ್ರೋಗ್ರಾಂ ಒಂದೊಂದೇ ಅಕ್ಷರವನ್ನು ತಾನೇ ಓದಬೇಕು, ನಕ್ಷತ್ರ ಬರೆಯಬೇಕು, ಅಳಿಸುವ ಕೀಲಿಗಳನ್ನೂ ತಾನೇ ಸಂಭಾಳಿಸಬೇಕು.

ಸುಡೋ ಎಡವಿದ್ದು ಆ ಕೊನೆಯ ಕೆಲಸದಲ್ಲಿ. ಕಂಟ್ರೋಲ್-ಯು ಬಂದಾಗ ಅದು ಬರೆದ ನಕ್ಷತ್ರಗಳನ್ನೆಲ್ಲ ಒಂದೊಂದಾಗಿ ಹಿಂದೆ ಸರಿದು ಒರೆಸುತ್ತಿತ್ತು. ಒರೆಸುವ ಆ ಬರವಣಿಗೆಯೇ ವಿಫಲವಾದರೆ? ಎದುರಿಗೆ ನಿಜವಾದ ಟರ್ಮಿನಲ್ ಬದಲು ಒಮ್ಮುಖದ ಪೈಪ್ ಇದ್ದರೆ ಹಾಗಾಗುತ್ತದೆ. ಆಗ ಸುಡೋ ‘ಬಫರ್‌ನಲ್ಲಿ (ಟೈಪಿಸಿದ ಅಕ್ಷರಗಳನ್ನು ಕೂಡಿಡುವ ಮೆಮೊರಿಯಲ್ಲಿ) ಪೂರ್ತಿ ಜಾಗ ಖಾಲಿ ಇದೆ’ ಎಂದು ಲೆಕ್ಕ ಬರೆದುಕೊಳ್ಳುತ್ತಿತ್ತು, ಬರೆಯುವ ಜಾಗವನ್ನು ಮಾತ್ರ ಬಫರ್‌ನ ಮೊದಲಿಗೆ ತರುತ್ತಿರಲಿಲ್ಲ. ಹೀಗಾಗಿ ಮುಂದಿನ ಅಕ್ಷರಗಳು ಬಫರ್ ದಾಟಿ ಪಕ್ಕದ ಮೆಮೊರಿಯ ಮೇಲೆ ಬೀಳುತ್ತಿದ್ದವು. ಸುಡೋ ಓಡುವುದೇ ರೂಟ್ ಅಧಿಕಾರದಲ್ಲಿ. ಸುಡೋ ಬಳಸುವ ಅನುಮತಿಯೇ ಇಲ್ಲದ ಬಳಕೆದಾರನೂ ಈ ದಾರಿಯಲ್ಲಿ ಇಡೀ ಯಂತ್ರದ ಯಜಮಾನನಾಗಬಹುದಿತ್ತು. ಸಿವಿಇ-2019-18634 ಎಂಬ ಸಂಖ್ಯೆ ಪಡೆದ ಈ ದೋಷವನ್ನು 2020ರ ಜನವರಿಯಲ್ಲಿ 1.8.31 ಆವೃತ್ತಿ ಸರಿಪಡಿಸಿತು. ಆಯ್ಕೆಯನ್ನು ಆಫ್ ಇಟ್ಟಿದ್ದವರಿಗೆ ತೊಂದರೆ ಇರಲಿಲ್ಲ. ಹೊಸಬರ ಮೇಲಿನ ಅಕ್ಕರೆಯಿಂದ ಆನ್ ಮಾಡಿದ್ದ ಮಿಂಟ್‌ನಂಥವರೇ ಸಿಕ್ಕಿಬಿದ್ದರು.

‘ಬೇಡದವರು ಆಫ್ ಮಾಡಿಕೊಳ್ಳಲಿ, ಬೇಕಾದವರಿಗೆ ಇರಲಿ’ ಎಂಬ ಬೇಡಿಕೆ ಬಂದಾಗ ಅನುಭವಿ ಪ್ರೋಗ್ರಾಮರ್‌ಗಳು ಹಿಂದೆಮುಂದೆ ನೋಡುವುದು ಇದಕ್ಕೇ. ಒಂದು ಸ್ವಿಚ್ ಎಂದರೆ ಪರೀಕ್ಷಿಸಬೇಕಾದ ಎರಡು ಸ್ಥಿತಿ. ಹತ್ತು ಸ್ವಿಚ್ ಸೇರಿದರೆ 1,024 ಸಂಯೋಜನೆ. ಅಷ್ಟನ್ನೂ ಯಾರೂ ಪರೀಕ್ಷಿಸುವುದಿಲ್ಲ. ಆಫ್ ಆಗಿರುವ ಆಯ್ಕೆಯ ಕೋಡನ್ನು ಓಡಿಸುವವರು ಕಡಿಮೆ, ಓದುವವರು ಇನ್ನೂ ಕಡಿಮೆ. ಹಾಗೆಂದು ಚರ್ಚೆಗೇನೂ ಬರವಿಲ್ಲ. ಅಲಂಕಾರದ ವಿಷಯದಲ್ಲಿ ಎಲ್ಲರಿಗೂ ಒಂದು ಅಭಿಪ್ರಾಯ ಇರುತ್ತದೆ. 1999ರಲ್ಲಿ ಫ್ರೀಬಿಎಸ್‌ಡಿ ಎಂಬ ಕಾರ್ಯಾಚರಣಾ ವ್ಯವಸ್ಥೆಯಲ್ಲಿ, ಹೇಳಿದಷ್ಟು ಹೊತ್ತು ಸುಮ್ಮನಿರುವ ‘ಸ್ಲೀಪ್’ ಕಮಾಂಡ್ ಸೆಕೆಂಡಿನ ಭಿನ್ನಾಂಶವನ್ನೂ ಒಪ್ಪಬೇಕೇ ಎಂಬ ಚಿಲ್ಲರೆ ಪ್ರಶ್ನೆಗೆ ಎಷ್ಟು ಜಗಳವಾಯಿತೆಂದರೆ, ಅದರ ಡೆವಲಪರ್ ಪೌಲ್-ಹೆನ್ನಿಂಗ್ ಕಾಂಪ್ ಬೇಸತ್ತು ಒಂದು ಪತ್ರ ಬರೆದರು. ಅಣುಸ್ಥಾವರದ ಯೋಜನೆಗೆ ಸದ್ದಿಲ್ಲದೆ ಒಪ್ಪಿಗೆ ಕೊಡುವ ಸಮಿತಿ ಸೈಕಲ್ ಶೆಡ್ಡಿನ ವಿಷಯಕ್ಕೆ ಗಂಟೆಗಟ್ಟಲೆ ವಾದಿಸುತ್ತದೆ ಎಂಬ ಪಾರ್ಕಿನ್ಸನ್‌ನ ಹಳೆಯ ಚಟಾಕಿ ಆ ಪತ್ರದಿಂದಾಗಿಯೇ ಪ್ರೋಗ್ರಾಮರ್‌ಗಳ ಬಾಯಿಮಾತಾಯಿತು.

ಎಲ್ಲ ಅಲಂಕಾರವೂ ದುಬಾರಿ ಎಂದಲ್ಲ. ಆರ್ಚ್ ಲಿನಕ್ಸ್‌ನಲ್ಲಿ ಸಾಫ್ಟ್‌ವೇರ್ ಹಾಕಿಕೊಡುವ ‘ಪ್ಯಾಕ್‌ಮನ್’ ಪ್ರೋಗ್ರಾಂನ ಸಂರಚನಾ ಕಡತದಲ್ಲಿ ‘ಐಲವ್‌ಕ್ಯಾಂಡಿ’ ಎಂದು ಒಂದು ಪದ ಸೇರಿಸಿ ನೋಡಿ: ಡೌನ್‌ಲೋಡ್ ಪಟ್ಟಿಯಲ್ಲಿ ಹಳೆಯ ವಿಡಿಯೊ ಗೇಮಿನ ಪ್ಯಾಕ್‌ಮ್ಯಾನ್ ಬಾಯಿ ತೆರೆದು ಮುಚ್ಚುತ್ತಾ ಚುಕ್ಕಿ ತಿನ್ನುತ್ತಾ ಸಾಗುತ್ತಾನೆ. ಹೊರಗಿನವರ ಇನ್‌ಪುಟ್ಟನ್ನು ಆ ಕೋಡ್ ಮುಟ್ಟುವುದೇ ಇಲ್ಲ. ಇಂಥದ್ದಕ್ಕೆ ತಕರಾರು ತೆಗೆಯುವವರು ರಸಹೀನರು ಎಂದೇ ನನ್ನ ಎಣಿಕೆ. ಲಿನಕ್ಸ್ ಶುರುವಾಗುವಾಗ ಪರದೆಯ ಮೇಲ್ತುದಿಯಲ್ಲಿ ಕೂರುವ ಟಕ್ಸ್ ಪೆಂಗ್ವಿನ್ ಕೂಡ ಹೆಚ್ಚುಕಡಿಮೆ ಇದೇ ಜಾತಿಯದು. 2009ರ 2.6.29 ಆವೃತ್ತಿಯಲ್ಲಿ ಅಳಿವಿನಂಚಿನ ಟ್ಯಾಸ್ಮೇನಿಯನ್ ಡೆವಿಲ್ ಪ್ರಾಣಿಯ ನೆರವಿಗಾಗಿ ಟಕ್ಸ್ ತಾತ್ಕಾಲಿಕವಾಗಿ ಜಾಗ ಬಿಟ್ಟುಕೊಟ್ಟಿತ್ತು. ಆದರೆ ಪ್ರೊಸೆಸರಿನ ಒಂದೊಂದು ಕೋರ್‌ಗೂ ಒಂದೊಂದು ಪೆಂಗ್ವಿನ್ ಬಿಡಿಸುವುದು ಅಲ್ಲಿನ ಪದ್ಧತಿ. ಕೋರ್‌ಗಳು ಹೆಚ್ಚಿದಂತೆ ಪೆಂಗ್ವಿನ್‌ಗಳೂ ಸಾಲುಗಟ್ಟಿದವು. ಎಷ್ಟು ಇರಬೇಕೆಂದು ಹೇಳಲು ಇನ್ನೊಂದು ಆಯ್ಕೆ, ಪರದೆಯ ನಡುವೆ ಕೂರಿಸಲು ಮತ್ತೊಂದು ಆಯ್ಕೆ ಹುಟ್ಟಿಕೊಂಡವು.

ಹೀಗೆ ಸೇರಿದ್ದನ್ನೆಲ್ಲ ಯಾರಾದರೂ ನೋಡಿಕೊಳ್ಳಬೇಕು. ನೋಡಿಕೊಳ್ಳುವವರಿಲ್ಲದ ಸೌಲಭ್ಯಕ್ಕೆ ಏನಾಗುತ್ತದೆ ಎಂಬುದಕ್ಕೆ 2020ರ ಸೆಪ್ಟೆಂಬರ್ ಉದಾಹರಣೆ. ಕರ್ನೆಲ್‌ನ ಪಠ್ಯ ಕನ್ಸೋಲ್‌ನಲ್ಲಿ ಶಿಫ್ಟ್ ಜೊತೆ ಪೇಜ್-ಅಪ್ ಒತ್ತಿದರೆ ಮೇಲೆ ಸರಿದುಹೋದ ಸಾಲುಗಳನ್ನು ಹಿಂದಿರುಗಿ ನೋಡಬಹುದಿತ್ತು. ಆ ಕೋಡ್‌ನಲ್ಲಿ ಭದ್ರತಾ ದೋಷಗಳು ಸಿಕ್ಕವು, ಹೊಣೆ ಹೊರಲು ಯಾರೂ ಇರಲಿಲ್ಲ. ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ತೇಪೆ ಹಾಕುತ್ತಾ ಕೂರದೆ ಅದನ್ನು ಕಿತ್ತೇ ಹಾಕಿದರು. ಅದೇ ಕನ್ಸೋಲ್‌ನಿಂದ ಬೇರೆ ಸಂದರ್ಭದಲ್ಲಿ ತೆಗೆದಿದ್ದ ವೇಗದ ಸ್ಕ್ರೋಲಿಂಗ್ 2022ರಲ್ಲಿ ಮರಳಿತು. ಆ ಭಾಗದ ಹೊಣೆಯನ್ನು ಹೆಲ್ಗೆ ಡೆಲ್ಲರ್ ವಹಿಸಿಕೊಂಡ ಮೇಲೆ, ಅದೂ ಬೇಕೆಂದವರಷ್ಟೇ ಸೇರಿಸಿಕೊಳ್ಳುವ ಆಯ್ಕೆಯಾಗಿ. ಸೌಲಭ್ಯ ಬೇಕೆನ್ನುವವರ ಸಂಖ್ಯೆಗಿಂತ ‘ನಾನು ನೋಡಿಕೊಳ್ಳುತ್ತೇನೆ’ ಎನ್ನುವ ಒಬ್ಬರ ಮಾತಿಗೆ ಇಲ್ಲಿ ತೂಕ ಹೆಚ್ಚು.

ಇಷ್ಟಾದ ಮೇಲೂ ನಕ್ಷತ್ರ ಬೇಕೆನ್ನುವವರಿಗೆ (ನನಗೂ ಬೇಕು) ದಾರಿ ಸುಲಭ. ಮೊದಲು ‘ಸುಡೋ -ವಿ’ ಎಂದು, ವಿ ದೊಡ್ಡಕ್ಷರದಲ್ಲಿ ಕೊಟ್ಟು, ಆವೃತ್ತಿ 1.8.31ಕ್ಕಿಂತ ಹಳೆಯದಲ್ಲವೆಂದು ಖಚಿತಪಡಿಸಿಕೊಳ್ಳಿ. ಹಳೆಯ ಸಂಖ್ಯೆ ಕಂಡರೂ ಕೆಲವು ವಿತರಣೆಗಳು ಅದಕ್ಕೇ ದುರಸ್ತಿ ಸೇರಿಸಿರುತ್ತವೆ. ಅಪ್‌ಡೇಟ್ ಮಾಡಿಕೊಂಡಿದ್ದರೆ ಚಿಂತೆಯಿಲ್ಲ. ಬಳಿಕ ಸುಡೋ ಸೇರಿಸಿ ‘ವೈಸುಡೋ’ ಓಡಿಸಿ. ಸುಡೋದ ನಿಯಮಗಳಿರುವ ಕಡತವನ್ನು ಬೇರೆ ಎಡಿಟರ್‌ನಲ್ಲಿ ನೇರವಾಗಿ ತೆರೆಯಬೇಡಿ. ಒಂದು ಅಕ್ಷರ ತಪ್ಪಿದರೂ ಸುಡೋವೇ ಕೈಕೊಟ್ಟೀತು, ವೈಸುಡೋ ಉಳಿಸುವ ಮುನ್ನ ತಪ್ಪು ಹಿಡಿಯುತ್ತದೆ. ‘ಡಿಫಾಲ್ಟ್ಸ್’, ಒಂದು ಖಾಲಿ ಜಾಗ, ‘ಪಿಡಬ್ಲ್ಯೂಫೀಡ್‌ಬ್ಯಾಕ್’: ಇಷ್ಟೇ ಒಂದು ಸಾಲು ಇಂಗ್ಲಿಷಿನಲ್ಲಿ, ಮೊದಲ ಡಿ ಮಾತ್ರ ದೊಡ್ಡಕ್ಷರ. ಬೇಡವೆನಿಸಿದ ದಿನ ಎರಡನೆಯ ಪದದ ಮುಂದೆ ಅಂಟಿಸಿ ಒಂದು ಆಶ್ಚರ್ಯಸೂಚಕ ಚಿಹ್ನೆ ಇಟ್ಟರೆ ಪರದೆ ಮತ್ತೆ ಖಾಲಿ.