ಕರ್ನೆಲ್ ಮೆಮೊರಿ ದೋಷಗಳು: ವರ್ತಕರಿಗೆ ಸಂಬಂಧಿಸಿದ ಒಂದು ವಿವೇಚನೆ

ಸೋಸಲೆಯಂತಹ ಹೋಬಳಿ ಕೇಂದ್ರದ ಮಳಿಗೆಯಲ್ಲೂ ಇಂದು ಲೆಕ್ಕಪತ್ರ, ಜಿಎಸ್‌ಟಿ ಮತ್ತು ಬ್ಯಾಂಕ್ ವ್ಯವಹಾರಗಳು ಒಂದೇ ಗಣಕಯಂತ್ರದಲ್ಲಿ ನಡೆಯುವುದುಂಟು. ಒಂದು ತಂತ್ರಾಂಶವು ಇನ್ನೊಂದರ ಮಾಹಿತಿಯನ್ನು ಇಣುಕದಂತೆ ಕಾಯುವುದು ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್. ಈ ಕಾವಲುಗಾರನೇ ತನಗರಿಯದಂತೆ ಪರರ ಮಾಹಿತಿಯನ್ನು ಹೊರಹಾಕುವುದೂ ಉಂಟು.

ಗುಮಾಸ್ತನೊಬ್ಬ ಹಳೆಯ ಬಿಲ್ಲಿನ ಹಿಂಬದಿಯಲ್ಲಿ ಹೊಸ ರಸೀದಿ ಬರೆದುಕೊಡುತ್ತಾನೆನ್ನೋಣ. ರಸೀದಿ ಸರಿಯಾಗಿಯೇ ಇದೆ. ಕಾಗದ ತಿರುಗಿಸಿದರೆ ಬೇರೊಬ್ಬ ಗಿರಾಕಿಯ ಬಾಕಿ ಕಾಣುತ್ತದೆ. ಕರ್ನೆಲ್ ಉತ್ತರ ಸಿದ್ಧಪಡಿಸುವಾಗ 1 ಬೈಟ್‌ನ ಅಂಶದ ನಂತರ 8 ಬೈಟ್‌ನ ಸಂಖ್ಯೆಯಿದ್ದರೆ, ಜೋಡಣೆಯ ಸಲುವಾಗಿ ನಡುವೆ ಸಾಮಾನ್ಯವಾಗಿ 7 ಬೈಟ್ ತೆರವಾಗಿ ಉಳಿಯುತ್ತದೆ. ಅದನ್ನು ಸೊನ್ನೆಯಿಂದ ತುಂಬದಿದ್ದರೆ ಹಿಂದಿನ ಬಳಕೆಯ ಶೇಷವು ಕೇಳಿದವರ ಕೈಸೇರುತ್ತದೆ. ಒಮ್ಮೆಗೆ ದೊರೆಯುವುದು ಅಲ್ಪವೇ. ಆದರೆ ಸಾವಿರಾರು ಬಾರಿ ಕೇಳಲು ಗಣಕಕ್ಕೆ ಬೇಸರವಿಲ್ಲ. ಹಾಗೆ ಸಿಕ್ಕಿದ್ದರಲ್ಲಿ ಕರ್ನೆಲ್‌ನೊಳಗಿನ ವಿಳಾಸಗಳಿದ್ದರೆ ಮುಂದಿನ ಕನ್ನಕ್ಕೆ ಅವು ನಕ್ಷೆಯಾಗುತ್ತವೆ.

ಗೂಗಲ್‌ನ ಪ್ರಾಜೆಕ್ಟ್ ಜೀರೋ ತಂಡದ ಮಾಟೆಯುಶ್ ಯುರ್ಚಿಕ್ ಅವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿಂಡೋಸ್ ಒಂದರಲ್ಲೇ ಇಂತಹ 70ಕ್ಕೂ ಹೆಚ್ಚು ದೋಷಗಳನ್ನು ತೋರಿಸಿದರು. ಅದೇ ವರ್ಷದ ಜನವರಿಯಲ್ಲಿ ಬಯಲಾದ ‘ಮೆಲ್ಟ್‌ಡೌನ್’ನ ಮೂಲ ಪ್ರೊಸೆಸರ್‌ನಲ್ಲಿತ್ತು, ಪರಿಣಾಮ ಮಾತ್ರ ಇದೇ. ಅದರ ಪರಿಹಾರದಿಂದ ಕೆಲವು ಕೆಲಸಗಳು ನಿಧಾನಗೊಂಡವು.

ವರ್ತಕರು ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ನಗದು ಕಳುವಾದರೆ ರೋಕಡ ಪುಸ್ತಕ ಹೇಳುತ್ತದೆ. ಸರಕು ಕಡಿಮೆಯಾದರೆ ದಾಸ್ತಾನು ಹೇಳುತ್ತದೆ. ಓದಲ್ಪಟ್ಟ ಪಾಸ್‌ವರ್ಡ್ ಇದ್ದಲ್ಲಿಯೇ ಇರುತ್ತದೆ. ತಾಳೆಪಟ್ಟಿ ಹೊಂದಿಕೆಯಾಗುತ್ತದೆ, ಲೆಕ್ಕಪರಿಶೋಧಕರಿಗೂ ಏನೂ ಕಾಣುವುದಿಲ್ಲ. ಸೈಬರ್ ಘಟನೆಯನ್ನು ಅರಿತ 6 ಗಂಟೆಗಳೊಳಗೆ ವರದಿ ಮಾಡಬೇಕೆಂದು ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ನಿರ್ದೇಶಿಸಿದೆ. ಅರಿವಿಗೇ ಬಾರದ ಘಟನೆಗೆ ಆ ಗಡಿಯಾರ ಆರಂಭವಾಗುವುದೇ ಇಲ್ಲ.

ಈ ಬಗೆಯ ದೋಷದ ಲಾಭ ಪಡೆಯಲು ಸಾಮಾನ್ಯವಾಗಿ ಹೊರಗಿನ ತಂತ್ರಾಂಶವೊಂದು ಆ ಯಂತ್ರದಲ್ಲಿ ಮೊದಲೇ ನಡೆಯುತ್ತಿರಬೇಕು. ಪುಕ್ಕಟೆ ಆಟ, ಕಳ್ಳಪ್ರತಿಯ ಲೆಕ್ಕ ತಂತ್ರಾಂಶ ಇವೇ ಆ ಬಾಗಿಲು. ವೈರಸ್ ನಿರೋಧಕವೊಂದನ್ನೇ ನಂಬುವುದು ಸಾಲದು, ಏಕೆಂದರೆ ಕರ್ನೆಲ್‌ನ ದೋಷವನ್ನು ಸರಿಪಡಿಸುವುದು ತಯಾರಕರ ಪರಿಷ್ಕರಣೆಯೇ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದಿದೆ. ವಿಸ್ತರಿತ ಭದ್ರತಾ ಯೋಜನೆಗೆ ಸೇರದ ಯಂತ್ರಗಳಲ್ಲಿ ಆನಂತರ ಕಂಡುಬಂದ ದೋಷಗಳು ಹಾಗೆಯೇ ಉಳಿದಿವೆ. ಅಂತಹ ಯಂತ್ರವನ್ನು ಬಿಲ್ ಮುದ್ರಣಕ್ಕೆ ಇಟ್ಟುಕೊಂಡರೂ, ಬ್ಯಾಂಕ್ ವ್ಯವಹಾರ ಹಾಗೂ ಡಿಜಿಟಲ್ ಸಹಿಯನ್ನು ಬೇರೆ ಯಂತ್ರಕ್ಕೆ ವರ್ಗಾಯಿಸಿ, ಹಳೆಯ ಪಾಸ್‌ವರ್ಡ್‌ಗಳನ್ನು ಅಂದೇ ಬದಲಿಸತಕ್ಕದ್ದು.