ಬರಿಗಾಲಲ್ಲಿ ಒಲಿಂಪಿಕ್ಸ್ ಆಡಿದ ಅಹ್ಮದ್ ಖಾನ್

1948ರ ಜುಲೈ 31. ಲಂಡನ್ ಸಮೀಪದ ಇಲ್ಫರ್ಡಿನಲ್ಲಿ ಸ್ವತಂತ್ರ ಭಾರತದ ಫುಟ್‌ಬಾಲ್ ತಂಡ ಫ್ರಾನ್ಸ್ ವಿರುದ್ಧ ಒಲಿಂಪಿಕ್ಸ್ ಪಂದ್ಯಕ್ಕಿಳಿಯಿತು. ಆ ದಿನ ಬಸವಕಲ್ಯಾಣ, ಹುಮನಾಬಾದ್‌ಗಳಿಗೆ ಇನ್ನೂ ಸ್ವಾತಂತ್ರ್ಯವೇ ಬಂದಿರಲಿಲ್ಲ. ನಿಜಾಮನ ಆಳ್ವಿಕೆ, ರಜಾಕಾರರ ಹಾವಳಿ; ಮಕ್ಕಳ ಆಟಪಾಠ ಕೇಳುವವರಾದರೂ ಯಾರಿದ್ದರು? ಸೆಪ್ಟೆಂಬರ್ 17ರಂದು ನಿಜಾಮ ಶರಣಾದ ಮೇಲೆಯೇ ಈ ನೆಲ ಭಾರತಕ್ಕೆ ಸೇರಿದ್ದು.

ಇಲ್ಫರ್ಡಿನಲ್ಲಿ ಆಡಿದ ನಮ್ಮವರಲ್ಲಿ ಹೆಚ್ಚಿನವರ ಕಾಲಲ್ಲಿ ಬೂಟುಗಳಿರಲಿಲ್ಲ. ತಂಡದಲ್ಲಿ ಬೆಂಗಳೂರಿನವರು ಹಲವರಿದ್ದರು. 21ರ ಹರೆಯದ ಅಹ್ಮದ್ ಖಾನ್ ಅವರಲ್ಲೊಬ್ಬರು. ಭಾರತಕ್ಕೆ ಎರಡು ಪೆನಾಲ್ಟಿ ಸಿಕ್ಕವು, ಎರಡೂ ವ್ಯರ್ಥವಾದವು. ಬೆಂಗಳೂರಿನವರೇ ಆದ ಸಾರಂಗಪಾಣಿ ರಾಮನ್ ಗೋಲು ಹೊಡೆದು ಪಂದ್ಯವನ್ನು ಸಮ ಮಾಡಿದರು. ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲು ಅದು. ಆದರೆ ಆಟ ಮುಗಿಯುವ ಹೊತ್ತಿಗೆ ಫ್ರಾನ್ಸ್ ಇನ್ನೊಂದು ಗೋಲು ಬಾರಿಸಿ 2-1ರಿಂದ ಗೆದ್ದಿತು.

ಮರುವರ್ಷ ಅಹ್ಮದ್ ಖಾನ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇಹ್ ಮತ್ತು ಇವರನ್ನು ಬಂಗಾಳಿಗಳು 'ಪಂಚ ಪಾಂಡವರು' ಎಂದು ಕರೆದರು. ಐವರಲ್ಲಿ ಬಂಗಾಳಿ ಒಬ್ಬನೂ ಇರಲಿಲ್ಲವೆಂಬುದು ಸ್ವಾರಸ್ಯ! 1949ರಿಂದ 1951ರವರೆಗೆ ಕ್ಲಬ್ಬು ಸತತ ಮೂರು ಬಾರಿ ಐಎಫ್ಎ ಶೀಲ್ಡ್ ಗೆದ್ದಿತು. ಚೆಂಡನ್ನು ಕಾಲಲ್ಲಿ ಆಡಿಸುವ ಮೋಡಿಗೆ ಅಹ್ಮದ್ ಖಾನರಿಗೆ 'ಹಾವಾಡಿಗ' ಎಂಬ ಹೆಸರೇ ಬಿತ್ತು.

1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು 1-0ಯಿಂದ ಸೋಲಿಸಿ ಚಿನ್ನ ಗೆದ್ದ ತಂಡದಲ್ಲೂ ಅವರಿದ್ದರು. ತಂಡದ ತರಬೇತುದಾರ ಸೈಯದ್ ಅಬ್ದುಲ್ ರಹೀಮ್. ಹೈದರಾಬಾದಿನಲ್ಲಿ ಶಾಲಾ ಮಾಸ್ತರರಾಗಿದ್ದವರು. ಬೀದರ್ ಜಿಲ್ಲೆ ಆಗ ಹೈದರಾಬಾದ್ ರಾಜ್ಯದಲ್ಲೇ ಇತ್ತಾದ್ದರಿಂದ ಕಲ್ಯಾಣ, ಹುಮನಾಬಾದಿನವರಿಗೆ ರಹೀಮ್ ಸಾಹೇಬರು ಸ್ವಂತ ರಾಜ್ಯದವರು. ಅಹ್ಮದ್ ಖಾನ್ ಸ್ವರಾಜ್ಯದವರಾದದ್ದು 1956ರ ನವೆಂಬರ್ 1ರ ಏಕೀಕರಣದ ನಂತರ.

ಬರಿಗಾಲಿನ ಆಟಕ್ಕೆ ಬೆಲೆ ತೆರಬೇಕಾಗಿ ಬಂದದ್ದು 1952ರ ಹೆಲ್ಸಿಂಕಿಯಲ್ಲಿ. ಚಳಿನಾಡಿನಲ್ಲಿ ಯುಗೋಸ್ಲಾವಿಯಾ 10-1ರಿಂದ ಭಾರತವನ್ನು ಬಗ್ಗುಬಡಿಯಿತು. ಆ ಒಂದು ಗೋಲು ಅಹ್ಮದ್ ಖಾನರದು. ಎದುರಾಳಿಗಳು ಬಲಾಢ್ಯರು, ಬೂಟಿದ್ದರೂ ಸೋಲು ತಪ್ಪುತ್ತಿರಲಿಲ್ಲ ಎನ್ನಬಹುದು. ಹತ್ತು ಗೋಲು ಮಾತ್ರ ಯಾರಿಗೂ ಅರಗಲಿಲ್ಲ. ಮುಂದೆ ಫುಟ್‌ಬಾಲ್ ಒಕ್ಕೂಟ ಬೂಟು ಕಡ್ಡಾಯ ಮಾಡಿತು. ಬರಿಗಾಲಲ್ಲೇ ಬೆಳೆದ ಆಟಗಾರರು ಹೊಸದಾಗಿ ಕಲಿಯಬೇಕಾಯಿತು. ಅಹ್ಮದ್ ಖಾನ್ 1954ರ ಮನಿಲಾ ಏಷ್ಯನ್ ಕೂಟದಲ್ಲೂ ಆಡಿದರು, 1959ರವರೆಗೆ ಈಸ್ಟ್ ಬೆಂಗಾಲ್ ಬಿಡಲಿಲ್ಲ. 2017ರ ಆಗಸ್ಟ್‌ನಲ್ಲಿ ತೀರಿಕೊಂಡರು.

ಆಡಿದರೆ ಓದು ಕೆಡುತ್ತದೆನ್ನುವ ತಂದೆತಾಯಿಗಳಿಗೆ ಇನ್ನೊಂದು ವಿಷಯ: ಇಲ್ಫರ್ಡಿನಲ್ಲಿ ತಂಡದ ನಾಯಕರಾಗಿದ್ದ ನಾಗಾ ಯುವಕ ತಾಲಿಮೆರೆನ್ ಆವೊ ಆಗ ಕಲ್ಕತ್ತೆಯಲ್ಲಿ ವೈದ್ಯಕೀಯ ಓದುತ್ತಿದ್ದರು. ಓದು ಮುಗಿಸಿ ಡಾಕ್ಟರಾಗಿ ನಾಗಾಲ್ಯಾಂಡಿಗೆ ಮರಳಿದರು.